ಎಡಗಡೆಯ ಪರದೆ

ಜೂನ್ ೩, ಮಂಗಳವಾರ

ಎಡಗಡೆ ಪೂರ್ತಿ ಹೋಯಿತು. ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಒಂದು ಸಲ ನಡುಗಿತು, ಆಮೇಲೆ ತಣ್ಣಗೆ ಕಪ್ಪಾಯಿತು. ತಟ್ಟಿದೆ, ಅಲ್ಲಾಡಿಸಿದೆ, ಕಿವಿಯಿಟ್ಟು ಕೇಳಿದೆ. ಉಸಿರಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸದ ಮೇಲಿದ್ದ ಮಗಳಿಗೆ ಫೋನ್ ಮಾಡಿ, "ಎಡಗಡೆ ಪೂರ್ತಿ ಹೋಯ್ತು ಕಣೇ, ಬೇಗ ಬಾ" ಎಂದು ಹೇಳಿ ಇಟ್ಟುಬಿಟ್ಟೆ.

ಈಗ ಒಪ್ಪಿಕೊಳ್ಳುತ್ತೇನೆ. ಹೋದದ್ದು ಹೆಂಡತಿಯಲ್ಲ, ಹೆಂಡತಿಯ ಕಂಪ್ಯೂಟರಿಗೆ ಎಡಗಡೆ ಇಟ್ಟಿರುವ ದೊಡ್ಡ ಪರದೆ. ಫೋನ್ ಮಾಡುವಾಗ ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮಗಳು ಏನು ತಿಳಿದುಕೊಳ್ಳುತ್ತಾಳೆ ಎನ್ನುವುದೂ ಗೊತ್ತಿತ್ತು. ಏನು ಮಾಡಲಿ, ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ತಲೆ ನೆರೆತವನು ನಾನು. "ಹತ್ತು ಗಂಟೆಯ ಬಸ್ಸು ಹತ್ತಿದವರು ಇಳಿಯಬೇಕು, ಇಳಿದವರು ತಳ್ಳಬೇಕು" ಎಂದು ಕೂಗಿ ಮೆಮೊ ತಿಂದ ನಾಲಿಗೆ ಇದು. ಸುಮ್ಮನಿರು ಎಂದರೆ ಇರುವುದಿಲ್ಲ.

ಮಗಳು ಓಡಿ ಬಂದಳು. ಕೊರಳಿನ ಗುರುತಿನ ಚೀಟಿ ಬೆನ್ನಿಗೆ ತಿರುಗಿತ್ತು, ಕಾಲಲ್ಲಿ ಯಾರದೋ ಚಪ್ಪಲಿ. ಅವಳಮ್ಮ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದಳು. ಅದನ್ನು ನೋಡಿ ಮಗಳು ಬಾಗಿಲ ಹತ್ತಿರ ನೆಲದ ಮೇಲೇ ಕುಸಿದು ಕೂತಳು.

"ಅಪ್ಪಾ, ಅಮ್ಮನಿಗೆ ಸ್ಟ್ರೋಕ್ ಆಗಿ ಇನ್ನೂ ಎರಡು ತಿಂಗಳಾಗಿಲ್ಲ. ನಿಮಗೆ ಹೇಳೋಕೆ ಬೇರೆ ಮಾತೇ ಇರ್ಲಿಲ್ವಾ?"

"ಪರದೆ ಹೋಗಿದ್ದು ನಿಜ ತಾನೇ? ಪರದೆ ಕಳ್ಕೊಂಡೋರ ಪರದಾಟ ನಿನಗೇನು ಗೊತ್ತು?"

ಅವಳು ನಗಲಿಲ್ಲ. ನಕ್ಕದ್ದು ನನ್ನ ಹೆಂಡತಿ, ತುಟಿಯ ಬಲಗಡೆಯ ಅರ್ಧದಲ್ಲಿ. "ಬಿಡೇ, ಇವರದ್ದು ಮೊದಲಿಂದ ಹೀಗೇ. ಮದುವೆಯಾದ ವಾರದಲ್ಲೇ ನನ್ನ ಚಪ್ಪಲೀನ ಹೊಸಿಲಿಗೆ ಮೊಳೆ ಹೊಡೆದು ಕೂರಿಸಿದ್ರು."

ಇವಳು ನಕ್ಕಳಲ್ಲ, ನನಗೆ ಅಷ್ಟು ಸಾಕು. ಮಗಳು ಟೀ ಕುಡಿಯದೆ ಹೋದಳು.

ಜೂನ್ ೪, ಬುಧವಾರ

ಇವಳ ಕಾಯಿಲೆ ನನ್ನ ತಮಾಷೆಗಿಂತ ವಿಚಿತ್ರ. ಎಡಗೈ, ಎಡಗಾಲು ಸ್ವಲ್ಪ ಸ್ವಲ್ಪವಾಗಿ ಮಾತು ಕೇಳುತ್ತಿವೆ. ಕಣ್ಣು ಸರಿಯಾಗಿದೆ, ಮಾತು ಸರಿಯಾಗಿದೆ, ಬೈಗುಳ ಇನ್ನೂ ಸರಿಯಾಗಿದೆ. ಆದರೆ ಎಡಗಡೆ ಎನ್ನುವುದು ಒಂದು ಇದೆ ಎಂಬುದನ್ನೇ ಮಿದುಳು ಮರೆತಿದೆ. ತಟ್ಟೆಯ ಬಲಗಡೆ ಇದ್ದದ್ದನ್ನು ಉಂಡು ಮುಗಿಸಿ, "ಇಷ್ಟೇನಾ ಬಡ್ಸೋದು?" ಎಂದು ರೇಗುತ್ತಾಳೆ. ನಾನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸುತ್ತೇನೆ. ಎರಡನೇ ಸಲ ಬಡಿಸಿದ ಹೆಸರು ಬರುತ್ತದೆ.

ಪ್ರೆಸ್ಸುಗಳಿಗೆ ಪುಸ್ತಕದ ಪುಟ ಕೂರಿಸಿಕೊಡುವುದು ಇವಳ ಕೆಲಸ. ಮನೆಯಲ್ಲೇ, ಈ ಲ್ಯಾಪ್‌ಟಾಪಿನಲ್ಲೇ. ಅದರ ಪರದೆಯಲ್ಲಿ ಸಲಕರಣೆ, ಎಡಗಡೆಯ ದೊಡ್ಡ ಪರದೆಯಲ್ಲಿ ಪುಟ. ಕಂಪ್ಯೂಟರ್ ನಡೆಸುವುದಕ್ಕೆ ಸುತ್ತಲಿನವರೆಲ್ಲ ಬೇರೆ ಏನೇನೋ ಬಳಸಿದರೂ ಇವಳು ಲಿನಕ್ಸ್ ಬಿಟ್ಟವಳಲ್ಲ. ಲಿನಕ್ಸ್ ಎಂದರೆ 'ಇಲ್ಲಿನ ಕಷ್ಟ' ಎನ್ನುವುದನ್ನು ಯಾರೋ ಅವಸರದಲ್ಲಿ ಹೇಳಿದ್ದು ಎಂದು ನಾನು ಯಾವಾಗಲೂ ಹೇಳುತ್ತೇನೆ. ಕಷ್ಟ ಈಗ ನನ್ನ ಪಾಲಿಗೆ ಬಂದಿದೆ.

ಹಿಂದಿನ ತಂತಿಯನ್ನು ಕಿತ್ತು ಮತ್ತೆ ಚುಚ್ಚಿದೆ. ದೊಡ್ಡ ಪರದೆಗೆ ಜೀವ ಬಂತು, ಆದರೆ ಎರಡರಲ್ಲೂ ಒಂದೇ ಚಿತ್ರ, ಅವಳಿ ಮಕ್ಕಳ ಹಾಗೆ. ಇವಳು ಕೂತಲ್ಲಿಂದಲೇ ಪಾಠ ಶುರು ಮಾಡಿದಳು.

"ಟರ್ಮಿನಲ್ ತೆಗೀರಿ."

"ಟರ್ಮಿನಲ್ ತೆಗೆಯೋ ಅಧಿಕಾರ ನನಗಿಲ್ಲಮ್ಮ. ಡಿಪೋ ಮ್ಯಾನೇಜರನ್ನ ಕೇಳು."

"ರೀ, ಅದು ಬಸ್ಸಿಂದಲ್ಲ. ಕಪ್ಪು ಚೌಕ ಬರುತ್ತೆ, ಅದರಲ್ಲಿ ಅಪ್ಪಣೆ ಬರೀಬೇಕು. ಬರ್ಕೊಳ್ಳಿ, ಎಕ್ಸ್, ಆರ್, ಎ, ಎನ್, ಡಿ, ಆರ್."

ಒಂದೊಂದೇ ಅಕ್ಷರ ಹೇಳಿದಳು. ಎಲ್ಲಿ ಗೆರೆ, ಎಲ್ಲಿ ಎರಡು ಗೆರೆ, ಎಲ್ಲಿ ಜಾಗ ಬಿಡಬೇಕು, ಎಲ್ಲವೂ ಬಾಯಿಪಾಠ. ಕೊನೆಗೆ ದೊಡ್ಡ ಪರದೆ ಯಾವ ಕಡೆ ಇದೆ ಎಂದು ಕಂಪ್ಯೂಟರಿಗೆ ಹೇಳುವ ಮಾತು. "ರೈಟ್-ಆಫ್," ಎಂದಳು.

ಪರದೆ ಇರುವುದು ಎಡಗಡೆ. ಹಾಗೆಂದೆ.

"ಅದನ್ನೇ ಹೇಳ್ದೆ. ರೈಟ್-ಆಫ್."

ನಾಲ್ಕು ಸಲ ಕೇಳಿದೆ. ಎಡ ಎನ್ನುವ ಆ ಒಂದು ಪದ ಅವಳ ಬಾಯಿಂದ ಬರಲೇ ಇಲ್ಲ. ಸುಮ್ಮನೆ ಹೇಳಿದ ಹಾಗೇ ಬರೆದೆ. ಪರಿಣಾಮ: ಬಾಣ ಎಡಕ್ಕೆ ಹೋದರೆ ಗೋಡೆಗೆ ಮೂಗು ತಾಗಿಸಿಕೊಂಡು ನಿಲ್ಲುತ್ತದೆ, ಬಲಕ್ಕೆ ಹೋದರೆ ಮಾಯವಾಗಿ ಎಡಗಡೆಯ ಪರದೆಯಲ್ಲಿ ಹುಟ್ಟುತ್ತದೆ. ಮೌಸ್ ಹಿಡಿದು ಹುಡುಕುತ್ತ, "ಇಲಿ ಇಲ್ಲಿಲ್ಲ, ಇಲ್ಲಿಲ್ಲ ಇಲಿ" ಎಂದು ಮೈಕಿನ ದನಿಯಲ್ಲಿ ಕೂಗಿದೆ. ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳು ಮಲಗಿದ ಮೇಲೆ ಸೆಟ್ಟಿಂಗ್ಸಿನ ಪೆಟ್ಟಿಗೆ ತೆಗೆದು, ಪರದೆಗಳ ಚಿತ್ರವನ್ನು ಹಿಡಿದು ಎಳೆದು ಸರಿಮಾಡಿದೆ. ನನಗೇಕೋ ನಗು ಬರಲಿಲ್ಲ.

ಜೂನ್ ೭, ಶನಿವಾರ

ಆಸ್ಪತ್ರೆಯಿಂದ ವ್ಯಾಯಾಮ ಹೇಳಿಕೊಡುವವರು ಬಂದಿದ್ದರು. ಅವರಿಗೆ ನಾನಿಟ್ಟ ಹೆಸರು ಎಡಮೇಡಂ. ಬಾಯಿ ತೆಗೆದರೆ ಎಡ. ಎಡಗಡೆಯಿಂದ ಬನ್ನಿ, ಎಡಗಡೆಯಿಂದ ಮಾತಾಡಿಸಿ, ಲೋಟ ಎಡಗಡೆ ಇಡಿ. ಪರದೆ ಎಡಗಡೆ ಇರುವುದನ್ನು ನೋಡಿ ಖುಷಿಪಟ್ಟರು.

"ಇದಕ್ಕಿಂತ ಒಳ್ಳೆ ವ್ಯಾಯಾಮ ನಾನು ಕೊಡೋಕಾಗಲ್ಲ. ಕೆಲಸದ ಆಸೆ ಅವರನ್ನ ಎಡಕ್ಕೆ ಎಳೀಬೇಕು." ಪರದೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿದರು. ಪ್ರತಿ ಸಾಲು ಓದುವ ಮೊದಲು ಇವಳು ಆ ಕೆಂಪನ್ನು ಹುಡುಕಬೇಕು.

ಆಮೇಲೆ ನನ್ನನ್ನು ಜಗಲಿಗೆ ಕರೆದು ಹೇಳಿದರು. "ತಟ್ಟೆ ತಿರುಗಿಸ್ತೀರಂತೆ. ಅದನ್ನ ಬಿಡಿ. ತಾವಾಗೇ ಎಡಕ್ಕೆ ತಿರುಗೋದನ್ನ ಅವರು ಈಗ ಕಲೀಬೇಕು. ಜುಲೈ ಮಧ್ಯದಲ್ಲಿ ನಾನು ಆಸ್ಪತ್ರೆಗೆ ಬರೆದುಕೊಡಬೇಕು. ಸುಧಾರಣೆ ಇದ್ರೆ ಮುಂದುವರಿಸ್ತಾರೆ. ಇಲ್ಲದಿದ್ರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತೆ. ಕಾಯ್ತಿರೋರು ತುಂಬಾ ಜನ ಇದ್ದಾರೆ."

"ತಿರುಗದಿದ್ರೆ?"

"ಇನ್ನು ಮುಂದೆ ಹೀಗೇ ಇರ್ತಾರೆ."

ಸಂಜೆ ಅವರು ಹೇಳಿದ ಹಾಗೆ ಎಡಗಡೆ ಕುರ್ಚಿ ಹಾಕಿ ಕೂತೆ. ಇವಳು ತನ್ನಷ್ಟಕ್ಕೆ ಬಲಗಡೆಯ ಕಿಟಕಿ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ರೀ, ಎಲ್ಲಿದೀರಿ?" ಎಂದಳು. ಅವಳ ಮೊಣಕೈಗೂ ನನ್ನ ಮೊಣಕೈಗೂ ನಡುವೆ ಒಂದು ಗೇಣು. "ಇಲ್ಲೇ" ಎಂದೆ. ದನಿ ಎಲ್ಲಿಂದ ಬಂತೆಂದು ಬಲಗಡೆಯ ಬಾಗಿಲ ಕಡೆ ನೋಡಿದಳು. ಮತ್ತೆ ಮತ್ತೆ ಅಲ್ಲೇ ನೋಡಿದಳು. ಆಮೇಲೆ, "ಅಡುಗೆಮನೆಗೆ ಹೋದ್ರೇನೋ" ಎಂದು ತನಗೆ ತಾನೇ ಹೇಳಿಕೊಂಡಳು.

ಎದ್ದು ಬಲಗಡೆಗೆ ಹೋದೆ. "ಬಂದ್ರಾ?" ಎಂದು ಮುಖ ಅರಳಿಸಿದಳು.

ಜೂನ್ ೧೦, ಮಂಗಳವಾರ

ಪ್ರೆಸ್ಸಿನವನು ಫೋನ್ ಮಾಡಿದ್ದ. ಇವಳನ್ನು ಅಕ್ಕ ಎನ್ನುತ್ತಾನೆ, ನನ್ನನ್ನು ಭಾವ ಎನ್ನುತ್ತಾನೆ. ಮರಗೆಲಸದ ಕೈಪಿಡಿಯೊಂದು ಇವಳ ಕೈಯಲ್ಲಿ ಅರ್ಧಕ್ಕೆ ನಿಂತಿದೆ. "ಅವಸರ ಇಲ್ಲ ಭಾವ. ಅಕ್ಕ ಆಗಲ್ಲ ಅಂದ್ರೆ ಮಾತ್ರ ಬೇರೆಯವರಿಗೆ ಕೊಡ್ತೀನಿ."

ಇವಳು ಕೂತು ನೋಡಿದಳು. ಲ್ಯಾಪ್‌ಟಾಪಿನ ಪರದೆ ದಿಟ್ಟಿಸಿದಳು, ಬಾಣವನ್ನು ಬಲ ಅಂಚಿಗೆ ಒತ್ತಿ ಒತ್ತಿ ಹಿಡಿದಳು. "ಪುಟ ಎಲ್ಲಿ? ಯಾರು ಅಳಿಸಿದ್ರು?" ಎಡಗಡೆ ಮರಗೆಲಸದ ಕೈಪಿಡಿ ತೆರೆದುಕೊಂಡು ಬೆಳಗುತ್ತಿತ್ತು. ನಾನು ಎಡಮೇಡಂ ಹೇಳಿಕೊಟ್ಟ ಹಾಗೆ, "ಕೆಂಪು ಹುಡುಕು, ಕೆಂಪು" ಎಂದೆ. ಅವಳು ಹುಡುಕಿದಳು, ಬಲಗಡೆ. ಕಿಟಕಿಯ ಹೊರಗೆ ಯಾರದೋ ಕೆಂಪು ಬಕೆಟ್ ಇತ್ತು, ಅದನ್ನು ತೋರಿಸಿದಳು. ಅಲ್ಲ ಎಂದಾಗ ಮೌಸನ್ನು ಮೇಜಿಗೆ ಕುಕ್ಕಿ ಅತ್ತಳು. ಇವಳು ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ತಾಯಿ ತೀರಿಕೊಂಡಾಗಲೂ ಕೆಲಸ ಮುಗಿಸಿ ಎದ್ದು ಹೋದವಳು.

ದೊಡ್ಡ ಪರದೆಯನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಬಲಗಡೆಗೆ ಇಟ್ಟೆ. ಕೆಂಪು ಪಟ್ಟಿ ಸುಲಿದೆ. ಕಪ್ಪು ಚೌಕ ತೆಗೆದು, ಅವಳು ಅವತ್ತು ಹೇಳಿದ ಅಪ್ಪಣೆಯನ್ನೇ ಬರೆದೆ. ರೈಟ್-ಆಫ್. ಈಗ ಮಾತಿಗೂ ಮೇಜಿಗೂ ಹೊಂದಿಕೆಯಾಯಿತು.

ಇವಳ ಬಾಣ ಬಲಕ್ಕೆ ಹೋಯಿತು, ಅಂಚು ದಾಟಿತು, ಪುಟಕ್ಕೆ ಬಿತ್ತು. "ಇಲ್ಲಿದೆ!" ಎಂದು ಕಿರುಚಿದಳು.

ಬಲದಲ್ಲೇ ಬಲ ಇದೆ. ಎಡಕ್ಕೆ ಹೋದರೆ ಬರೀ ಎಡವಟ್ಟು. ಎಡಮೇಡಂಗೆ ಇದು ಗೊತ್ತಾಗಬೇಕಾಗಿಲ್ಲ. ಅವರು ಬರುವ ದಿನ ಪರದೆಯನ್ನು ಮತ್ತೆ ಎಡಗಡೆಗೆ ಇಟ್ಟರಾಯಿತು.

ಜೂನ್ ೧೧, ಬುಧವಾರ

ಕೈಪಿಡಿಯಲ್ಲಿ ಎಡಪುಟಕ್ಕೆ ಚಿತ್ರ, ಬಲಪುಟಕ್ಕೆ ವಿವರಣೆ. ತೆರೆಯ ಮೇಲೆ ಎರಡೂ ಪಕ್ಕಪಕ್ಕ ಕಾಣುತ್ತವೆ. ಇವಳು ಬೆಳಗ್ಗೆಯೆಲ್ಲ ಕೂತು ಮೂರು ಪುಟ ಮಾಡಿದಳು. ಮೂರೂ ಬಲಪುಟ. ಎಡಪುಟಗಳು ಹಿಟ್ಟಿನ ಹಾಗೆ ಬೆಳ್ಳಗೆ.

"ಹೇಗಿದೆ?" ಎಂದು ಕೇಳಿದಳು.

"ಪುಟಕ್ಕಿಟ್ಟ ಚಿನ್ನ" ಎಂದೆ. ಅವಳಿಗೆ ಖುಷಿಯಾಯಿತು.

ಮಧ್ಯಾಹ್ನ ಅವಳು ಮಲಗಿದಾಗ ನಾನು ಕೂತೆ. ಚಿತ್ರಗಳೆಲ್ಲ ಒಂದು ಕಡೆ ಇದ್ದವು. ಉಳಿ, ಗರಗಸ, ಕೊರೆಯುವ ಕೈ. ಅವಳು ಮೊದಲು ಮಾಡಿದ್ದ ಎಡಪುಟ ನೋಡಿಕೊಂಡು ಹಾಗೇ ಕೂರಿಸಿದೆ. ಚಿತ್ರದ ಕೆಳಗಿನ ಹೆಸರು ನಡುವಿಗೆ ಬರುತ್ತಿರಲಿಲ್ಲ. ಕೀಲಿಮಣೆಯ ಉದ್ದನೆಯ ಗುಂಡಿ ಒತ್ತಿ ಒತ್ತಿ ದೂಡಿದೆ. ಬಂತು. ಇಷ್ಟು ವರ್ಷ ತಮಾಷೆ ಮಾಡಿದ್ದೇನೆ, ಆದರೆ ಇಂಥದ್ದು ಮಾಡಿರಲಿಲ್ಲ. ಮಾಡಿಸಿಕೊಂಡವರಿಗೆ ಗೊತ್ತೇ ಆಗದ ತಮಾಷೆ. ನನಗೊಬ್ಬನಿಗೇ ನಗು ಬಂತು.

ಜೂನ್ ೧೬, ಸೋಮವಾರ

ದಿನವೂ ಬೆಳಗ್ಗೆ ಅವಳು, ಮಧ್ಯಾಹ್ನ ನಾನು. ನನ್ನ ಕೈ ಚುರುಕಾಗಿದೆ. ಪರದೆ ಬಿಚ್ಚುವುದು, ಕಟ್ಟುವುದು, ಹೊಳಪು ಇಳಿಸುವುದು, ಅಕ್ಷರ ದಪ್ಪ ಮಾಡುವುದು, ಎಲ್ಲ ಬರುತ್ತದೆ. ಡಿಪೋದವರು ನೋಡಿದರೆ ನಂಬುವುದಿಲ್ಲ.

ಪ್ರೆಸ್ಸಿನವನಿಗೆ ಮೊದಲ ಕಂತು ಕಳಿಸಿದೆವು. ಸಂಜೆ ಅವನೇ ಬಂದ. "ಅಕ್ಕಾ, ನಾನು ಸುಳ್ಳು ಹೇಳಲ್ಲ. ನಿಮ್ಮಿಂದ ಇನ್ನು ಆಗಲ್ಲ ಅಂದ್ಕೊಂಡಿದ್ದೆ."

"ಯಾಕೆ, ನನಗೆ ಏನಾಗಿದೆ?" ಎಂದಳು. ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಆ ಕೂತ ಭಂಗಿ ನೋಡಿ ಎಷ್ಟು ದಿನವಾಗಿತ್ತು.

ಅವನು ಎಡಗಡೆಯ ಕುರ್ಚಿಯಲ್ಲಿ ಕೂತಿದ್ದ. ಮಾತೆಲ್ಲ ಮುಗಿಯುವವರೆಗೂ ಅವಳು ನನ್ನ ಮುಖ ನೋಡಿ ಅವನಿಗೆ ಉತ್ತರ ಕೊಟ್ಟಳು. ಅವನು ಒಂದೆರಡು ಸಲ ನನ್ನತ್ತ ನೋಡಿದ. ನಾನು ಛಾವಣಿ ನೋಡಿದೆ.

ಜೂನ್ ೧೭, ಮಂಗಳವಾರ

ನಾಲ್ಕು ಪುಟ. ಅಂದರೆ ಎಂಟು.

ಜೂನ್ ೨೨, ಭಾನುವಾರ

ಎಡಮೇಡಂ ಬಂದಾಗ ಇವಳು ಕೈ ಮುಗಿದು ಕಳಿಸಿದಳು. "ನನಗಿನ್ನು ಬೇಡಮ್ಮ. ಕೆಂಪು ಪಟ್ಟಿ, ಮಣಿ ಎಣಿಸೋದು, ಅದೆಲ್ಲ ಮಕ್ಕಳಿಗೆ. ನಾನು ಪುಸ್ತಕ ಮಾಡ್ತಿದೀನಿ."

ಅವರು ಮೇಜು ನೋಡಿದರು. ಹೇಳದೆ ಬಂದಿದ್ದರು, ಪರದೆ ಬಲಗಡೆಯೇ ಇತ್ತು. "ಇದನ್ನ ಯಾರು ಈ ಕಡೆ ಇಟ್ಟಿದ್ದು?"

"ಕಿಟಕಿ ಬೆಳಕು ಹೊಡೀತಿತ್ತು," ಎಂದೆ. ಕಿಟಕಿ ಇರುವುದೂ ಬಲಗಡೆಯೇ. ಅವರು ಕಿಟಕಿ ನೋಡಿದರು, ನನ್ನನ್ನು ನೋಡಿದರು. ಗುರುವಾರ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದಷ್ಟೇ ಹೇಳಿ ಹೋದರು.

ಜೂನ್ ೨೬, ಗುರುವಾರ

ಒಂದು ಹಾಳೆಯ ತುಂಬ ಸಣ್ಣ ಸಣ್ಣ ಗೆರೆಗಳು. ಎಲ್ಲವನ್ನೂ ಹೊಡೆದುಹಾಕಿ ಎಂದರು. ಇವಳು ಶಾಲೆಯ ಜಾಣೆಯ ಹಾಗೆ ಪಟಪಟ ಹೊಡೆದು ಪೆನ್ನು ಕೆಳಗಿಟ್ಟಳು. ಬಲಗಡೆಯ ಗೆರೆಗಳು ಮಾತ್ರ. ಮೇ ತಿಂಗಳಲ್ಲಿ ಹಾಳೆಯ ನಡುವಿನವರೆಗೂ ಬಂದಿದ್ದಳು. ಈ ಸಲ ಅಷ್ಟೂ ಇಲ್ಲ.

ಹೊರಗೆ ಬೆಂಚಿನ ಮೇಲೆ ಮಗಳು ಕೇಳಿದಳು, "ಮನೇಲಿ ಪೂರ್ತಿ ಪುಟ ಮಾಡ್ತಾಳೆ, ಇಲ್ಲಿ ಗೆರೆ ಕಾಣಲ್ಲ ಅಂದ್ರೆ ಹೇಗಪ್ಪಾ?"

"ಗೆರೆಗೂ ಪುಟಕ್ಕೂ ವ್ಯತ್ಯಾಸ ಇಲ್ವಾ?"

"ನೀವು ಏನಾದ್ರೂ ಮಾಡ್ತಿದೀರಾ?"

"ನಾನೇನು ಮಾಡ್ಲಿ? ನಾನು ಬಸ್ ಕೂಗೋನು."

ಅವಳು ನನ್ನ ಕೈ ಹಿಡಿದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಎಡಮೇಡಂ ಬಾಗಿಲಲ್ಲಿ ನಿಂತು ಹೇಳಿದರು: "ಕೆಳಗೆ ಇಳಿದಿದೆ. ಜುಲೈ ಹದಿನೈದಕ್ಕೆ ಮನೆಗೇ ಬಂದು ಕೊನೇ ಸಲ ನೋಡ್ತೀನಿ. ಅವತ್ತಿನದೇ ಬರೀಬೇಕು ನಾನು."

ಜೂನ್ ೨೭, ಶುಕ್ರವಾರ

ಇವತ್ತೂ ಎಡಪುಟ ಮಾಡಿದೆ. ಬಿಡುವುದಕ್ಕಾಗಲಿಲ್ಲ. ಬಿಟ್ಟರೆ ಅವಳು ಕೇಳುತ್ತಾಳೆ.

ಜುಲೈ ೧, ಮಂಗಳವಾರ

ಪ್ರೆಸ್ಸಿನಿಂದ ತಿದ್ದುವುದಕ್ಕೆ ಹಾಳೆಗಳು ಬಂದವು, ಒಂದೊಂದು ಪುಟಕ್ಕೆ ಒಂದೊಂದು ಹಾಳೆ. ಅದನ್ನು ನಾನು ಯೋಚಿಸಿರಲಿಲ್ಲ. ತೆರೆಯ ಮೇಲೆ ಎಡಪುಟ ಎಡಗಡೆ ಇರುತ್ತದೆ, ಅವಳಿಗೆ ಕಾಣುವುದಿಲ್ಲ. ಕೈಗೆ ಬಂದ ಹಾಳೆಗೆ ಎಡ ಬಲ ಎಲ್ಲಿಂದ ಬರಬೇಕು? ಒಂದೊಂದನ್ನೇ ಎತ್ತಿ, ಬಲಗಡೆಯ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು ನೋಡುತ್ತಿದ್ದಳು.

"ಈ ಗರಗಸದ ಹೆಸರು ಯಾಕೆ ಹೀಗೆ ಜಾರಿದೆ?"

"ಹಲ್ಲಿರೋ ವಸ್ತು, ಕಚ್ಕೊಂಡು ಹೋಗಿರ್ಬೇಕು."

ಇನ್ನೊಂದು ಹಾಳೆ. ಮತ್ತೊಂದು. "ಇದೂ ಜಾರಿದೆ. ರೀ, ಫೈಲು ತೆಗೀರಿ. ಪುಟ ದೊಡ್ಡದು ಮಾಡಿ ನಡುವಿಗೆ ತನ್ನಿ. ಅಡಗಿರೋ ಗುರುತು ತೋರಿಸು ಅಂತ ಒಂದು ಇರುತ್ತೆ ಮೆನುವಿನಲ್ಲಿ, ಅದನ್ನ ಒತ್ತಿ."

ಅಂಥದ್ದೊಂದು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಒತ್ತಿದೆ. ಚಿತ್ರದ ಹೆಸರುಗಳ ಮುಂದೆ ಸಾಲುಸಾಲು ಚುಕ್ಕೆಗಳು ಎದ್ದವು, ಇರುವೆ ಸಾಲಿನ ಹಾಗೆ. ನಾನು ಉದ್ದ ಗುಂಡಿಯನ್ನು ಒತ್ತಿದ ಒಂದೊಂದು ಸಲಕ್ಕೆ ಒಂದೊಂದು ಚುಕ್ಕೆ.

ಇವಳು ಬಹಳ ಹೊತ್ತು ನೋಡಿದಳು.

"ನಾನು ಜಾಗದ ಗುಂಡಿ ಒತ್ತಿ ಸಾಲು ಸರಿಸಲ್ಲ. ಯಾವತ್ತೂ ಸರಿಸಿಲ್ಲ. ಹಾಗೆ ಮಾಡಿದ ಹುಡುಗೀರನ್ನ ಕೆಲಸಕ್ಕೆ ಬೇಡ ಅಂದಿದೀನಿ." ಆಮೇಲೆ ಮೆಲ್ಲಗೆ, "ಇದು ಯಾವ ಪುಟ?"

"ಹದಿನೆಂಟು."

"ಆಗ ನೋಡಿದ್ದು?"

"ಇಪ್ಪತ್ತನಾಲ್ಕು. ಇಪ್ಪತ್ತಾರು."

"ಎಡಪುಟಗಳು," ಎಂದಳು. ಅವತ್ತು ಬಾಯಿಗೆ ಬಾರದ ಪದ. "ಎಲ್ಲಾ ಎಡಪುಟಾನೂ ನೀವೇನಾ?"

ಏನಾದರೂ ಒಂದು ಮಾತು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಲೆ ಆಡಿಸಿದೆ.

"ಹಾಗಾದ್ರೆ ನಾನು ಎಡಪುಟ ಮಾಡಲೇ ಇಲ್ಲ."

"ನೀನು ಮಾಡಿದ್ದು ಚೆನ್ನಾಗೇ ಇದೆ. ಒಂದು ತಪ್ಪಿಲ್ಲ."

"ಆ ಮೇಡಂಗೆ ಬಾಗಿಲು ತೋರಿಸ್ದೆ ನಾನು. ಮಕ್ಕಳಾಟ ಅಂದೆ. ನನಗೇನಾಗಿದೆ ಅಂತ ಪ್ರೆಸ್ಸಿನವನ ಮುಂದೆ ಕೂತು ಕೇಳ್ದೆ. ಅವನು ಹೊರಗೆ ಹೋಗಿ ಏನಂದ್ಕೊಂಡಿರ್ತಾನೆ?" ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಳು, ಅಂಚು ಸರಿಯಾಗುವವರೆಗೆ ಬಲಗೈಯಲ್ಲಿ ತಟ್ಟಿದಳು. "ಇಷ್ಟು ವರ್ಷ ನೀವು ನನ್ನ ಜೊತೆ ತಮಾಷೆ ಮಾಡಿದ್ರಿ. ಈ ಸಲ ನನ್ನನ್ನೇ ತಮಾಷೆ ಮಾಡಿಬಿಟ್ರಿ."

ಜುಲೈ ೨, ಬುಧವಾರ

ಮಾತಿಲ್ಲ.

ಜುಲೈ ೪, ಶುಕ್ರವಾರ

ಬೆಳಿಗ್ಗೆ ನನ್ನ ಕೈಲಿ ಪ್ರೆಸ್ಸಿನವನಿಗೆ ಫೋನ್ ಮಾಡಿಸಿ ಅವಳೇ ಮಾತಾಡಿದಳು. "ಎಡಪುಟಗಳೆಲ್ಲ ತೆಗೆದುಹಾಕಪ್ಪ. ಅವು ನನ್ನ ಕೆಲಸ ಅಲ್ಲ. ಪುಸ್ತಕ ಬೇರೆಯವರಿಗೆ ಕೊಡು." ಅವನು ಏನೋ ಹೇಳುತ್ತಿದ್ದ. "ಇಲ್ಲ, ನಿನ್ನ ಭಾವಂದೇನೂ ತಪ್ಪಿಲ್ಲ," ಎಂದು ಇಟ್ಟಳು. ನನಗೆ ಕೇಳಿಸಲೆಂದು ಹೇಳಿದಳೋ, ಅವನಿಗೋ, ಗೊತ್ತಿಲ್ಲ.

ಆಮೇಲೆ, "ಪರದೆ ಮೊದಲಿದ್ದ ಕಡೆ ಇಡಿ."

ಎತ್ತಿದೆ. ಹೋದ ಸಲಕ್ಕಿಂತ ಭಾರ ಇತ್ತು. ಇಟ್ಟು, ತಂತಿ ಚುಚ್ಚಿ, ಕಪ್ಪು ಚೌಕ ತೆಗೆದು ಕಾದೆ. ಅವಳು ಕಣ್ಣು ಮುಚ್ಚಿ ಅಕ್ಷರಗಳನ್ನು ಹೇಳಿದಳು. ಕೊನೆಯ ಪದಕ್ಕೆ ಬಂದು ನಿಂತಳು. ತುಟಿ ಅಲ್ಲಾಡಿತು. ನನ್ನ ಬಾಯಲ್ಲಿ ಪದ ಸಿದ್ಧವಿತ್ತು, ಹಲ್ಲು ಕಚ್ಚಿ ಹಿಡಿದೆ.

"ಲೆಫ್ಟ್," ಎಂದಳು. "ಲೆಫ್ಟ್-ಆಫ್."

ಬರೆದೆ. "ನೀವೂ ಆ ಕಡೆ ಕೂತ್ಕೊಳ್ಳಿ. ನಾನು ಕರೆದ್ರೆ ಮಾತಾಡ್ಬೇಡಿ," ಎಂದಳು.

ಕೂತೆ. ಕರೆದಳು. ಮಾತಾಡಲಿಲ್ಲ.

ಜುಲೈ ೯, ಬುಧವಾರ

ದಿನವೂ ಎಡಗಡೆ ಕೂರುತ್ತೇನೆ. ಅವಳ ಮುಂದೆ ಲ್ಯಾಪ್‌ಟಾಪು, ನನ್ನ ಮುಂದೆ ಅವಳ ಪುಟ, ಅಂಚಿಗೆ ಮತ್ತೆ ಅಂಟಿಸಿದ ಕೆಂಪು. ಬಾಣ ಬಲ ಅಂಚಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಅವಳು, "ಈ ಕಡೆ ಅಲ್ಲ, ಈ ಕಡೆ ಅಲ್ಲ" ಎಂದು ಗೊಣಗುತ್ತಾಳೆ. ಕುತ್ತಿಗೆ ಸ್ವಲ್ಪ ತಿರುಗುತ್ತದೆ, ಮೂಗಿನ ನೇರಕ್ಕೆ ಬಂದು ನಿಲ್ಲುತ್ತದೆ, ವಾಪಸ್ಸಾಗುತ್ತದೆ. ನಿನ್ನೆ ಒಂದು ಸಲ ದಾಟಿತು ಎನಿಸಿತು. ಇವತ್ತು ಇಲ್ಲ. ಎಡಮೇಡಂ ದಿನ ಬಿಟ್ಟು ದಿನ ಬರುತ್ತಾರೆ. ಇವಳು ಅವರ ಕೈ ಹಿಡಿದು ಕ್ಷಮೆ ಕೇಳಿದಳು.

ತಟ್ಟೆಯಲ್ಲಿ ಅರ್ಧ ಊಟ ಉಳಿಯುತ್ತದೆ. ನಾನು ತಿರುಗಿಸುವುದಿಲ್ಲ. ತೊಳೆಯುವಾಗ ಚೆಲ್ಲುತ್ತೇನೆ.

ಸಂಜೆ ಮಗಳು ಬಂದವಳು ಬಹಳ ಹೊತ್ತು ನನ್ನನ್ನೇ ನೋಡಿ, "ಅಪ್ಪಾ, ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿದಳು. "ಒಂದು ವಾರದಿಂದ ಒಂದು ತಲೆಹರಟೆ ಮಾತೂ ಆಡಿಲ್ಲ ನೀವು."

ಆಡಿದ್ದೇನಲ್ಲ, ಎಂದುಕೊಂಡೆ. ಯಾವುದೆಂದು ನೆನಪಾಗಲಿಲ್ಲ.

ಜುಲೈ ೧೫, ಮಂಗಳವಾರ

ಎಡಮೇಡಂ ಬಂದು ನಿಯಮ ಹೇಳಿದರು. ದೊಡ್ಡ ಪರದೆಯಲ್ಲಿ ಒಂದು ಪುಟ ತೆರೆದಿಡುತ್ತಾರೆ. ಲ್ಯಾಪ್‌ಟಾಪಿನ ಪರದೆ ಖಾಲಿ. ಇವಳು ತಾನಾಗಿ ಎಡಕ್ಕೆ ತಿರುಗಿ ಪುಟ ಹುಡುಕಬೇಕು. ಯಾರೂ ಮಾತಾಡಬಾರದು, ಮುಟ್ಟಬಾರದು, ಸದ್ದು ಮಾಡಬಾರದು. "ತಾನಾಗಿ ತಿರುಗಿದ್ರೆ ನಾನು ಮುಂದಿನ ಅವಧಿಗೆ ಬರೀಬಹುದು. ಇಲ್ಲದಿದ್ರೆ ಇವತ್ತೇ ಕೊನೆ." ಮಗಳು ಗೋಡೆಗೆ ಒರಗಿ ನಿಂತಳು. ನಾನು ನನ್ನ ಜಾಗದಲ್ಲಿ, ಎಡಗಡೆ.

"ಶುರು ಮಾಡಿ ಅಮ್ಮಾ."

ಬಾಣ ಬಲಕ್ಕೆ ಹೋಯಿತು. ಡಿಕ್ಕಿ. ಮತ್ತೆ ಡಿಕ್ಕಿ. "ಈ ಕಡೆ ಅಲ್ಲ," ಎಂದಳು. ಕುತ್ತಿಗೆ ನಡುವಿಗೆ ಬಂತು, ನಿಂತಿತು. ಹಣೆಯಲ್ಲಿ ಬೆವರು. ಖಾಲಿ ಪರದೆಯಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತಿತ್ತು. "ಇಲ್ವಲ್ಲ," ಎಂದಳು, "ಏನೂ ಇಲ್ವಲ್ಲ." ಕುತ್ತಿಗೆ ಮೆಲ್ಲಗೆ ಬಲಕ್ಕೆ ವಾಪಸ್ಸು ಹೊರಟಿತು. ಎಡಮೇಡಂ ಪೆನ್ನಿನ ಮುಚ್ಚಳ ತೆಗೆದರು.

ನನಗೆ ಕೆಮ್ಮು ಬಂತು.

ಇವಳ ತಲೆ ನಿಂತಿತು. ಆಮೇಲೆ ತಿರುಗಿತು, ನಡುವನ್ನು ದಾಟಿ, ಪೂರ್ತಿ, ನನ್ನ ಕಡೆಗೆ. ಕಣ್ಣು ಕೆಂಪು ಪಟ್ಟಿಯ ಮೇಲೆ ಬಿತ್ತು. ಬಾಣ ಎಡ ಅಂಚು ದಾಟಿ ಬಂದು ಪುಟದ ಮೇಲೆ ಕೂತಿತು. ಅವಳು ಮೊದಲ ಸಾಲನ್ನು ಮೊದಲ ಅಕ್ಷರದಿಂದ ಓದಿದಳು. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು.

ಎಡಮೇಡಂ ನನ್ನನ್ನು ನೋಡಿದರು. "ಧೂಳು," ಎಂದೆ. ಅವರು ಪುಟ ಓದುತ್ತಿದ್ದ ಇವಳ ಕಡೆ ತಿರುಗಿದರು. ಆಮೇಲೆ ಬರೆದರು. ಹೊರಡುವಾಗ ಮಗಳಿಗೆ ಹೇಳಿದರು, ಸೆಪ್ಟೆಂಬರ್‌ವರೆಗೂ ಬರುತ್ತಾರಂತೆ.

ಎಲ್ಲರೂ ಹೋದ ಮೇಲೆ ಇವಳು ಅಲ್ಲೇ ಕೂತಿದ್ದಳು, ಬಲಗಡೆಯ ಕಿಟಕಿ ನೋಡುತ್ತ.

"ರೀ, ಇವತ್ತು ನಾನೇ ಹುಡುಕಿದೆ ಅಲ್ವಾ?"

"ನೀನೇ."

"ನೀವೇನೂ ಮಾಡ್ಲಿಲ್ಲ ತಾನೇ?"

"ನಾನೇನು ಮಾಡ್ಲಿ? ಕೆಮ್ಮು ಬಂತು, ಅಷ್ಟೇ."

ಅವಳು ತಲೆ ಆಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ, "ಎಲ್ಲಿದೀರಿ?" ಎಂದಳು. ನಾನು ಪಕ್ಕದಲ್ಲೇ ಇದ್ದೆ.

ಕೆಮ್ಮು ಬಂದಿರಲಿಲ್ಲ. ನಾನೇ ಕೆಮ್ಮಿದೆ.